ಮೂರ್ತಿಯ ಜೊತೆಗೆ ಅದರ ಊರೂ ಉಳಿಯಬೇಕು

ಶಿಲ್ಪಸಂಸ್ಥೆಯಲ್ಲಿ ಸಂಶೋಧನಾ ಕ್ಯುರೇಟರ್ ಆಗಿ ದುಡಿಯುವುದರ ಬಗ್ಗೆ, ಊರಿನ ಹಳೆಯ ಮೂರ್ತಿಗಳ ಬಗ್ಗೆ ಕರಾವಳಿಯ ಓದುಗರು ಕೇಳಿದ ಪ್ರಶ್ನೆಗಳಿಗೆ ಇದೇ ಕ್ಷೇತ್ರದಲ್ಲಿರುವ ಮಂಗಳೂರಿನ ಸಂಶೋಧಕಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಾನು ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಮುಂದೆ ಶಿಲ್ಪಗಳ ಬಗ್ಗೆ ಕೆಲಸ ಮಾಡುವ ಆಸೆ ಇದೆ. ಸಂಶೋಧನಾ ಕ್ಯುರೇಟರ್ ಎಂದರೆ ದಿನವಿಡೀ ಏನು ಮಾಡುತ್ತಾರೆ? ಮನೆಯಲ್ಲಿ "ಮ್ಯೂಸಿಯಂ ಕಾಯುವ ಕೆಲಸವಾ?" ಅಂತ ಕೇಳುತ್ತಾರೆ. ಇದಕ್ಕೆ ಏನು ಓದಬೇಕು, ಕೆಲಸ ಸಿಗುತ್ತದಾ?
— ವಿದ್ಯಾರ್ಥಿನಿ, ಉಡುಪಿ

ಉತ್ತರ: ಮೊದಲು ಮನೆಯವರ ಪ್ರಶ್ನೆ. ಕಾಯುವುದಕ್ಕೆ ಬೇರೆ ಸಿಬ್ಬಂದಿ ಇರುತ್ತಾರೆ. ವಸ್ತುಗಳ ಯೋಗಕ್ಷೇಮ ನೋಡುವುದು, ಪ್ರದರ್ಶನ ಜೋಡಿಸುವುದು ಕ್ಯುರೇಟರ್ ಕೆಲಸ. ಸಂಶೋಧನಾ ಕ್ಯುರೇಟರ್ ಕೆಲಸ ಇದಕ್ಕಿಂತ ಮೊದಲೇ ಶುರುವಾಗುತ್ತದೆ. ಈ ಮೂರ್ತಿ ಯಾವ ಊರಿನದು, ಯಾರು ಮಾಡಿದ್ದು, ಯಾವ ಕಲ್ಲು, ಯಾರ ಕೈಯಿಂದ ಯಾರ ಕೈಗೆ ಬಂತು, ನಮಗೆ ಗೊತ್ತಿರುವುದರಲ್ಲಿ ಯಾವುದು ಗಟ್ಟಿ, ಯಾವುದು ಬರೀ ಊಹೆ ಅಂತ ಹುಡುಕಿ ಬರೆದಿಡಬೇಕು. ಆಮೇಲೆ ಅದು ಪ್ರದರ್ಶನ ಆಗಬಹುದು, ಪುಸ್ತಕ ಆಗಬಹುದು. ಏನೂ ಆಗದೆ ಫೈಲಿನಲ್ಲೇ ಇದ್ದು, ಎಷ್ಟೋ ವರ್ಷದ ನಂತರ ಬರುವ ಇನ್ನೊಬ್ಬರಿಗೆ ದಾರಿ ತೋರಿಸಲೂಬಹುದು.

ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರನನ್ನು ನೀವು ನೋಡಿರಬಹುದು. ಮೂರು ಮುಖ, ಆರು ಕೈ, ಕುಳಿತ ಭಂಗಿಯ ಕಂಚಿನ ಮೂರ್ತಿ. ನೋಡುವವರ ಕಣ್ಣು ಮುಖದಲ್ಲೇ ನಿಲ್ಲುತ್ತದೆ, ಅಷ್ಟು ಚೆಂದದ ಎರಕ. ಆದರೆ ಸಂಶೋಧಕರು ಪೀಠವನ್ನೂ ನೋಡಬೇಕು. ಅಲ್ಲಿ ಸಂಸ್ಕೃತದ ಒಂದು ಶಾಸನ ಇದೆ. ಆಳುಪ ದೊರೆ ಕುಂದವರ್ಮನ ಹೆಸರು, ಕದಿರಿಕಾ ವಿಹಾರದ ಹೆಸರು, ಲೋಕೇಶ್ವರನ ಪ್ರತಿಷ್ಠೆಯ ವಿಷಯ ಎಲ್ಲ ಅದರಲ್ಲಿದೆ. ಕಾಲ ಕ್ರಿ.ಶ. 968. ಪೀಠ ಒಂದು ಕಡೆ, ಮೂರ್ತಿ ಒಂದು ಕಡೆ ಆಗಿ ಹೋಗಿದ್ದರೆ ನಮಗೆ ಉಳಿಯುತ್ತಿದ್ದದ್ದು "ಸುಂದರವಾದ ಹಳೆಯ ಕಂಚು" ಎಂಬ ಮಾತು ಮಾತ್ರ. ಶಾಸನ ಜೊತೆಗಿರುವುದರಿಂದ ದೊರೆ, ಧರ್ಮ, ಕಾಲ ಮೂರೂ ಒಂದೇ ಕಡೆ ಸಿಗುತ್ತವೆ. ಇಷ್ಟಿದ್ದೂ ಈ ಮೂರ್ತಿಯ ಬೌದ್ಧ ಮೂಲದ ಬಗ್ಗೆ, ಅದು ಶೈವ ಕ್ಷೇತ್ರದೊಳಗೆ ಸೇರಿದ ಬಗೆಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಆ ಚರ್ಚೆಯ ಎಲ್ಲ ಮಗ್ಗುಲನ್ನೂ ದಾಖಲಿಸುವುದು ನಮ್ಮ ಕೆಲಸ. ನಮಗೆ ಇಷ್ಟವಾದದ್ದನ್ನು ಮಾತ್ರ ಬರೆದರೆ ಅದು ಸಂಶೋಧನೆ ಆಗುವುದಿಲ್ಲ.

ದಿನದ ಕೆಲಸ ಬಹಳ ಸಣ್ಣ ಸಣ್ಣದು. ಹೊಸದಾಗಿ ಬಂದ ಒಂದು ಕಲ್ಲಿನ ಮೂರ್ತಿ ಎಂದುಕೊಳ್ಳಿ. ಮೊದಲು ಆಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಸಂಗ್ರಹಕ್ಕೆ ಬಂದ ವಸ್ತುಗಳನ್ನು ದಾಖಲಿಸುವ ಪುಸ್ತಕದಲ್ಲಿ, ಅದಕ್ಕೊಂದು ಸಂಖ್ಯೆ. ಆ ಸಂಖ್ಯೆಯನ್ನು ಮೂರ್ತಿಯ ಮೇಲೂ ಬರೆಯಬೇಕು, ಆದರೆ ನೇರವಾಗಿ ಬರೆಯುವಂತಿಲ್ಲ. ಹಿಂಬದಿಯಲ್ಲೋ ತಳದಲ್ಲೋ ಕಣ್ಣಿಗೆ ಬೀಳದ ಜಾಗದಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ತೆಳುವಾಗಿ ಹಚ್ಚುತ್ತೇವೆ. ಒಣಗಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ಸಂಖ್ಯೆ, ಅದರ ಮೇಲೆ ಮತ್ತೆ ಒಂದು ಪದರ. ನಾಳೆ ಯಾರಿಗಾದರೂ ತೆಗೆಯಬೇಕು ಅನಿಸಿದರೆ ಅಸಿಟೋನಿನಲ್ಲಿ ಒರೆಸಿ ತೆಗೆಯಬಹುದು, ಕಲ್ಲಿಗೆ ಏನೂ ಆಗುವುದಿಲ್ಲ. ನಂತರ ಅಳತೆ, ತೂಕ, ಎಲ್ಲ ದಿಕ್ಕಿನಿಂದ ಫೋಟೋ, ಎಲ್ಲಿ ಬಿರುಕು, ಎಲ್ಲಿ ಹಳೆಯ ಸಿಮೆಂಟ್ ತೇಪೆ ಎಂಬ ವಿವರ. ಮೂರ್ತಿಯ ಬೆನ್ನಿನಲ್ಲಿ ಉಳಿಯ ಗುರುತು ಹಾಗೇ ಉಳಿದಿದ್ದರೆ ಅದು ಗೋಡೆಗೆ ಒರಗಿ ನಿಂತಿದ್ದಿರಬಹುದು. ಬೆನ್ನಿಗೂ ನುಣುಪು ಕೊಟ್ಟಿದ್ದರೆ ಸುತ್ತಲಿಂದ ಜನ ನೋಡುತ್ತಿದ್ದರೋ ಏನೋ. ಹೀಗೆ ಒಂದೊಂದೇ ಸುಳಿವು ಕೂಡಿಸುತ್ತಾ ಹೋಗಬೇಕು.

ಓದಿನ ಬಗ್ಗೆ: ಇತಿಹಾಸ ಮತ್ತು ಪುರಾತತ್ವ ಓದಿದವರಿಗೆ ಮ್ಯೂಸಿಯಾಲಜಿ, ಅಂದರೆ ಮ್ಯೂಸಿಯಂ ಕೆಲಸದ ಓದು, ಒಂದು ಒಳ್ಳೆಯ ಜೋಡಿ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ 1952ರಿಂದ ಇದನ್ನು ಕಲಿಸುತ್ತಿದ್ದಾರೆ. ಶಾಸನ ಓದಲು ಕಲಿಯಿರಿ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ, ಮಸಿ ಹಾಕಿ ಪಡಿಯಚ್ಚು ತೆಗೆಯುವುದನ್ನು ಒಮ್ಮೆಯಾದರೂ ಕೈಯಾರೆ ಮಾಡಿ. ತುಳು ಬಂದರೆ ಬಹಳ ಒಳ್ಳೆಯದು. ದೈವಸ್ಥಾನದ ಒಂದು ಮೂರ್ತಿಯ ಬಗ್ಗೆ ಅಲ್ಲಿನ ಹಿರಿಯರು ಕನ್ನಡದಲ್ಲಿ ಹೇಳುವುದೂ ತುಳುವಿನಲ್ಲಿ ಹೇಳುವುದೂ ಒಂದೇ ಇರುವುದಿಲ್ಲ. ತುಳುವಿನಲ್ಲಿ ವಿವರ ಜಾಸ್ತಿ ಬರುತ್ತದೆ.

ಕೆಲಸದ ಬಗ್ಗೆ ನಿಮಗೆ ಸುಮ್ನೆ ಆಸೆ ತೋರಿಸುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ಹುದ್ದೆಗಳು ಕಡಿಮೆ. ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಮ್ಯೂಸಿಯಂ ಅಲೋಶಿಯಂ ಇವನ್ನೆಲ್ಲ ಮೊದಲು ನೋಡಿ, ಸಾಧ್ಯವಾದರೆ ರಜೆಯಲ್ಲಿ ಇಂಥ ಕಡೆ ಕೆಲಸ ಕಲಿಯಿರಿ. ಆಮೇಲೆ ಬೆಂಗಳೂರು, ದೆಹಲಿಗೆ ಹೋಗಬೇಕಾಗಬಹುದು. ಹೊರದೇಶದಲ್ಲಿ ಶಿಲ್ಪಕ್ಕೆಂದೇ ಇರುವ ಸಂಶೋಧನಾ ಕೇಂದ್ರಗಳಿವೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1993ರಲ್ಲಿ ಶುರುವಾದ ಹೆನ್ರಿ ಮೂರ್ ಇನ್ಸ್ಟಿಟ್ಯೂಟ್ ಅಂಥದ್ದು. ಗ್ಯಾಲರಿ, ಗ್ರಂಥಾಲಯ, ಶಿಲ್ಪಿಗಳ ಕಾಗದಪತ್ರಗಳ ಸಂಗ್ರಹ ಅಲ್ಲಿ ಜೊತೆಜೊತೆಗೇ ನಡೆಯುತ್ತವೆ. ಸಂಶೋಧಕರಿಗೆ ಫೆಲೋಶಿಪ್ ಕೂಡ ಕೊಡುತ್ತಾರೆ. ಅರ್ಜಿ ಹಾಕಲು ಹಿಂಜರಿಯಬೇಡಿ.

ಪ್ರಶ್ನೆ: ಈ ಕೆಲಸಕ್ಕೆ ಕೆತ್ತನೆ ಗೊತ್ತಿರಲೇಬೇಕಾ?
— ಪಿಯುಸಿ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಬೇಕೇ ಬೇಕು ಅಂತಿಲ್ಲ. ಆದರೆ ಕಾರ್ಕಳದ ಕಡೆ ಶಿಲ್ಪಿಗಳ ಕೆಲಸದ ಜಾಗದಲ್ಲಿ ಕೆಲವು ದಿನ ಕೂತು ನೋಡಿ. ಯಾವ ಉಳಿ ಯಾವ ಗುರುತು ಬಿಡುತ್ತದೆ ಎನ್ನುವುದು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ತಂದೆ ಶಿಲ್ಪಿಯಾಗಿದ್ದರು. ಕಲ್ಲು, ಮರ ಎರಡರಲ್ಲೂ ಕೆಲಸ ಮಾಡಿದ್ದಾರೆ. ಈಗ ಅವರಿಲ್ಲ. ಮನೆಯ ಅಟ್ಟದಲ್ಲಿ ಅವರ ಡ್ರಾಯಿಂಗ್, ಲೆಕ್ಕದ ಪುಸ್ತಕ, ಮಣ್ಣಿನ ಮಾದರಿ, ದೇವಸ್ಥಾನದವರು ಬರೆದ ಕಾಗದಗಳು ಎರಡು ಪೆಟ್ಟಿಗೆ ತುಂಬ ಇವೆ. ಮನೆ ಮಾರುತ್ತಿದ್ದೇವೆ. ಇವುಗಳಿಗೆ ಬೆಲೆ ಇದೆಯಾ, ಅಥವಾ ಗುಜರಿಗೆ ಹಾಕುವುದಾ?
— ಗೃಹಿಣಿ, ಕಾರ್ಕಳ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ ಅಮ್ಮಾ. ನಿಮ್ಮ ಪ್ರಶ್ನೆ ಓದಿ ನನಗೆ ತುಂಬ ಸಂತೋಷ ಆಯಿತು, ಯಾಕೆಂದರೆ ಹೆಚ್ಚಿನವರು ಗುಜರಿಗೆ ಹಾಕಿದ ಮೇಲೆ ನಮ್ಮನ್ನು ಕೇಳುತ್ತಾರೆ.

ನಿಮ್ಮ ಊರನ್ನೇ ನೋಡಿ. ಬೆಟ್ಟದ ಮೇಲಿನ 42 ಅಡಿಯ ಗೊಮ್ಮಟ 1432ರದು, ವೀರಪಾಂಡ್ಯ ಭೈರರಸ ಮಾಡಿಸಿದ್ದು. ಅರಸನ ಹೆಸರು ನಮಗೆ ಗೊತ್ತು, ವರ್ಷ ಗೊತ್ತು. ಆದರೆ ಅಂದಿನ ಕೆಲಸಗಾರರು ಕೆಲಸ ಹೇಗೆ ಹಂಚಿಕೊಂಡರು, ಕೂಲಿ ಎಷ್ಟಿತ್ತು, ಅಳತೆ ತಪ್ಪಿದರೆ ಏನು ಮಾಡುತ್ತಿದ್ದರು ಎಂದು ಹೇಳುವ ಕಾಗದ ನಮ್ಮ ಕೈಯಲ್ಲಿಲ್ಲ. ಐನೂರು ವರ್ಷದ ನಂತರ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದರು. 1973ರಲ್ಲಿ ಅದನ್ನು ಇಡಿಯಾಗಿ ಧರ್ಮಸ್ಥಳಕ್ಕೆ ಸಾಗಿಸಿದರು. 1982ರಲ್ಲಿ ಮೊದಲ ಮಸ್ತಕಾಭಿಷೇಕ ಆಯಿತು. ಇಂಥ ಕೆಲಸದ ಒಂದೊಂದು ಚೀಟಿಯೂ ನಾಳೆಯವರಿಗೆ ಪಾಠ. ನಿಮ್ಮ ತಂದೆಯವರ ಕೆಲಸ ಇಷ್ಟು ದೊಡ್ಡದಾಗಿರಲಿ, ಊರ ಗುಡಿಯ ಒಂದು ದ್ವಾರಪಾಲಕನೇ ಆಗಿರಲಿ, ಅವರ ಲೆಕ್ಕದ ಪುಸ್ತಕಕ್ಕೆ ಬೆಲೆ ಇದ್ದೇ ಇದೆ. ಕಲ್ಲು ಯಾವ ಕೋರೆಯಿಂದ ಬಂತು, ಲಾರಿ ಬಾಡಿಗೆ ಎಷ್ಟು, ಯಾವ ದೇವಸ್ಥಾನದವರು ಮುಖವನ್ನು ತಿದ್ದಿ ಕೊಡಿ ಎಂದು ಕೇಳಿದರು ಎನ್ನುವುದು ಮೂರ್ತಿಯನ್ನು ನೋಡಿ ಗೊತ್ತಾಗುವುದಿಲ್ಲ. ಫ್ರಾನ್ಸಿನ ಶಿಲ್ಪಿ ರೋಡಾನ್ 1916ರಲ್ಲಿ ತನ್ನ ಶಿಲ್ಪಗಳನ್ನು ಸರ್ಕಾರಕ್ಕೆ ಕೊಟ್ಟಾಗ ಡ್ರಾಯಿಂಗ್, ಫೋಟೋ, ಕಾಗದಪತ್ರಗಳನ್ನೂ ಜೊತೆಗೇ ಕೊಟ್ಟ. ಇವತ್ತು ಪ್ಯಾರಿಸ್ಸಿನ ಅವನ ಮ್ಯೂಸಿಯಂನಲ್ಲಿ ಸಂಶೋಧನೆ ನಡೆಯುವುದು ಆ ಕಾಗದಗಳ ಬಲದ ಮೇಲೆ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆಯಲ್ಲಿ ಕಾಗದಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಇರಲಿ, ಚೆಂದ ಮಾಡಲು ಹೋಗಿ ಬೆರೆಸಬೇಡಿ. ಒಂದು ಬಿಲ್ಲು ಯಾವ ಡ್ರಾಯಿಂಗಿನ ಜೊತೆ ಮಡಚಿತ್ತು ಎನ್ನುವುದೂ ಒಂದು ಮಾಹಿತಿ. ತುಕ್ಕು ಹಿಡಿದ ಗುಂಡುಪಿನ್ ಮೆಲ್ಲಗೆ ತೆಗೆಯಿರಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಏನಾದರೂ ಬರೆಯಬೇಕಿದ್ದರೆ ಪೆನ್ಸಿಲ್ ಮಾತ್ರ. ಮಳೆಗಾಲ ಬರುವ ಮೊದಲು ಪೆಟ್ಟಿಗೆಗಳನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ. ಇನ್ನೊಂದು ಮಾತು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ: ನಿಮ್ಮ ತಾಯಿಯೋ ತಂದೆಯವರ ಜೊತೆ ದುಡಿದವರೋ ಇದ್ದರೆ, ಹಳೆಯ ಫೋಟೋಗಳನ್ನು ಅವರ ಮುಂದಿಟ್ಟು ಇದು ಯಾವ ಊರು, ಇದರಲ್ಲಿ ಯಾರಿದ್ದಾರೆ ಎಂದು ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕಾಗದ ಹತ್ತು ವರ್ಷ ಕಾಯಬಹುದು, ನೆನಪು ಕಾಯುವುದಿಲ್ಲ. ಆಮೇಲೆ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರನ್ನೋ ಮ್ಯೂಸಿಯಂನವರನ್ನೋ ಕರೆದು ತೋರಿಸಿ. ಕೊಡುವುದಾದರೆ ಲಿಖಿತ ಒಪ್ಪಂದ ಮಾಡಿಕೊಂಡು, ತಂದೆಯ ಹೆಸರಲ್ಲೇ ಒಂದೇ ಸಂಗ್ರಹವಾಗಿ ಇಡಬೇಕೆಂದು ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮ ಊರಿನ ದೈವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿದೆ. ಹಳೆಯ ಮರದ ಮೂರ್ತಿಗಳಿಗೆ ಗೆದ್ದಲು ಹಿಡಿದಿದೆ. ಹೊಸತು ಮಾಡಿಸಿ ಹಳೆಯದನ್ನು ನೀರಿಗೆ ಬಿಡಬೇಕು ಎನ್ನುತ್ತಾರೆ ಹಿರಿಯರು. ಹೊರಗಿನ ಒಬ್ಬರು ಬಂದು ಒಳ್ಳೆಯ ಬೆಲೆ ಕೊಡುತ್ತೇನೆ ಎಂದಿದ್ದಾರೆ. ಏನು ಮಾಡುವುದು ಸರಿ?
— ಸಮಿತಿ ಸದಸ್ಯ, ಬ್ರಹ್ಮಾವರ

ಉತ್ತರ: ಮಾರುವ ಮಾತನ್ನು ಇಲ್ಲಿಗೇ ಬಿಡಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಬಂದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಪಾಯ ತೆಗೆಯುವಾಗ ಮಣ್ಣಿನಡಿ ಮೂರ್ತಿ, ನಾಣ್ಯ ಏನಾದರೂ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದನ್ನು ಸಮಿತಿಯಲ್ಲಿ ಈಗಲೇ ಎಲ್ಲರಿಗೂ ಹೇಳಿಬಿಡಿ, ಜೆಸಿಬಿಯವರಿಗೂ ಹೇಳಿ.

ನಿಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಪಾಠ ಇದೆ. ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಮರದ ಉರುಗಳು, ಅಂದರೆ ದೈವಗಳ ಮೂರ್ತಿಗಳು, ಹೆಸರುವಾಸಿ. 1960ರ ದಶಕದಲ್ಲಿ ಅಲ್ಲಿ ಜೀರ್ಣೋದ್ಧಾರ ಆದಾಗ ಹಳೆಯ ಉರುಗಳು ಜಾಗ ಬಿಟ್ಟು ಹೋದವು. ಅವುಗಳಲ್ಲಿ ಹಲವು ಈಗ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿವೆ. ಅಲ್ಲಿ ಜೋಪಾನವಾಗಿವೆ, ಸಾವಿರಾರು ಜನ ನೋಡುತ್ತಾರೆ, ಊರಿನ ಹೆಸರೂ ಜೊತೆಗಿದೆ. ಅದಕ್ಕೆ ನಾವು ಋಣಿ. ಆದರೆ ಚಾವಡಿಯಲ್ಲಿ ಯಾವ ಉರು ಯಾರ ಪಕ್ಕ ನಿಂತಿತ್ತು, ಯಾವುದಕ್ಕೆ ಮೊದಲು ಹೂ ಏರಿಸುತ್ತಿದ್ದರು, ಯಾವ ಕುಟುಂಬ ಬಣ್ಣ ಹಚ್ಚಿಸುತ್ತಿತ್ತು ಎನ್ನುವುದು ದೆಹಲಿಯ ಗಾಜಿನ ಹಿಂದೆ ಕಾಣುವುದಿಲ್ಲ. ಅದನ್ನು ಊರಿನಲ್ಲೇ ಬರೆದುಕೊಳ್ಳಬೇಕು.

ಹಿರಿಯರ ಜೊತೆ ಜಗಳಕ್ಕೆ ಹೋಗಬೇಡಿ. ಜೀವ ಕಳೆದ ಮೂರ್ತಿಯನ್ನು ನೀರಿಗೆ ಬಿಡುವುದು ಒಂದು ನಂಬಿಕೆ, ಅದಕ್ಕೆ ಮರ್ಯಾದೆ ಇರಲಿ. ನಾನು ಕೇಳುವುದು ಎರಡು. ಒಂದು, ಯಾವ ಮೂರ್ತಿಯನ್ನೂ ಅಲುಗಾಡಿಸುವ ಮೊದಲು ಪೂರ್ತಿ ದಾಖಲೆ ಆಗಲಿ: ಇದ್ದ ಜಾಗದಲ್ಲೇ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ಅಳತೆ, ಯಾವ ದೈವ, ಯಾವ ಮರ, ಎಂಥ ಬಣ್ಣ, ಹೇಳಿದವರ ಹೆಸರು. ಅನುಮತಿ ಇಲ್ಲದ ಕಡೆ ಕ್ಯಾಮೆರಾ ಬೇಡ, ಒಳಗಿನ ನಕ್ಷೆ ಕೈಯಲ್ಲೇ ಬರೆದರೂ ಸಾಕು. ಎರಡು, ತಂತ್ರಿಗಳನ್ನೂ ಮೊಕ್ತೇಸರರನ್ನೂ ಕೂರಿಸಿ, ವಿಧಿ ಮುಗಿದ ಮೇಲೆ ಮೂರ್ತಿಯನ್ನು ಮ್ಯೂಸಿಯಂಗೆ ಒಪ್ಪಿಸಲು ಅವಕಾಶ ಇದೆಯೇ ಎಂದು ಕೇಳಿ. ಎಷ್ಟೋ ಕಡೆ ಯಾರೂ ಕೇಳಿಲ್ಲ ಎನ್ನುವ ಕಾರಣಕ್ಕೇ ಅದು ಆಗುತ್ತಿಲ್ಲ. ದಾರಂದ (ಬಾಗಿಲಿನ ಚೌಕಟ್ಟು), ಮುಚ್ಚಿಗೆಯ (ಮರದ ಒಳಛಾವಣಿ) ಕೆತ್ತನೆಯ ತುಂಡುಗಳನ್ನು ಮರೆಯಬೇಡಿ. ಅವು ದೇವರಲ್ಲವಲ್ಲ ಅಂತ ಸೌದೆಗೆ ಹೋಗುತ್ತವೆ, ಆ ಕಾಲದ ಆಚಾರಿಗಳ ಒಳ್ಳೆಯ ಕೈಕೆಲಸ ಅವುಗಳಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕಂಚಿನ ಮೂರ್ತಿ ಇದೆ. ಪೂಜೆಯಲ್ಲಿಲ್ಲ, ಶೋಕೇಸಿನಲ್ಲಿದೆ. ಈಚೆಗೆ ಅದರ ಮೇಲೆ ಹಸಿರು ಪುಡಿ ಬರುತ್ತಿದೆ. ಹುಣಸೆಹುಳಿ ಹಾಕಿ ತಿಕ್ಕಬಹುದಾ?
— ಓದುಗರು, ಉಳ್ಳಾಲ

ಉತ್ತರ: ತಿಕ್ಕಬೇಡಿ. ಹಳೆಯ ಕಂಚಿನ ಮೇಲೆ ಎರಡು ಥರದ ಹಸಿರು ಬರುತ್ತದೆ. ಗಾಢವಾಗಿ, ಗಟ್ಟಿಯಾಗಿ, ನುಣುಪಾಗಿ ಕೂತ ಹಸಿರು ಲೋಹವನ್ನು ಕಾಪಾಡುತ್ತದೆ. ತೆಳು ಹಸಿರಿನ, ಬೆರಳಿಗೆ ಅಂಟುವ ಪುಡಿ ಬಂದರೆ ಅದು ರೋಗ. ಕಡಲ ಗಾಳಿಯ ಉಪ್ಪಿನ ಅಂಶ ಲೋಹದೊಳಗೆ ಸೇರಿ, ತೇವ ಸಿಕ್ಕಾಗೆಲ್ಲ ತಿನ್ನುತ್ತಾ ಹೋಗುತ್ತದೆ. ಉಳ್ಳಾಲದಂಥ ಕಡೆ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ ಅಲ್ವಾ? ಹುಣಸೆಹುಳಿಯೂ ನಿಂಬೆಯೂ ಹುಳಿ, ಮೇಲಿನ ಪದರವನ್ನು ಕಿತ್ತು ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತವೆ. ತಿಕ್ಕುವ ಭರದಲ್ಲಿ ಪೀಠದ ಸಣ್ಣ ಅಕ್ಷರಗಳೂ ಸವೆದು ಹೋಗುತ್ತವೆ.

ಮೊದಲು ಅದನ್ನು ಬೇರೆ ಲೋಹದ ವಸ್ತುಗಳಿಂದ ದೂರ ಇಡಿ. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಬದಲಿಸಬೇಕೆಂದು ಗೊತ್ತಾಗುತ್ತದೆ. ಮುಟ್ಟುವಾಗ ಕೈಗವಸು ಹಾಕಿ, ಬೆವರಿನಲ್ಲೂ ಉಪ್ಪಿದೆ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪೀಠದ ಬದಿಯಿಂದ ಅಡ್ಡವಾಗಿ ಹಿಡಿದು ನೋಡಿ. ಹಗಲಲ್ಲಿ ಕಾಣದ ಅಕ್ಷರ, ಗುರುತು ಏನಾದರೂ ಇದ್ದರೆ ನೆರಳಲ್ಲಿ ಎದ್ದು ಬರುತ್ತದೆ, ಫೋಟೋ ತೆಗೆದುಕೊಳ್ಳಿ. ನಂತರ ತಜ್ಞರಿಗೆ ತೋರಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಜೊತೆ ಸೇರಿ ನಡೆಸುವ ಸಂರಕ್ಷಣಾ ಕೇಂದ್ರ ಇದೆ. ಮೂರ್ತಿ ನೂರು ವರ್ಷಕ್ಕಿಂತ ಹಳೆಯದು ಎಂದಾದರೆ ಪುರಾತನ ವಸ್ತುಗಳ ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಬೇಕಾಗುತ್ತದೆ. ಆ ಅರ್ಜಿ ತುಂಬುವಾಗ ಅಜ್ಜನಿಗೆ ಇದು ಎಲ್ಲಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಊರಿನ ಹೆಸರನ್ನು ಹೇಳಿದ ಹಾಗೇ ಬರೆಯಿರಿ.