ಮೈ ತೊಳೆಸುವ ಕೆಲಸ, ಭಾನುವಾರದ ಡ್ಯೂಟಿ: ಹೊಸದಾಗಿ ಬಂದ ತಂಗಿಗೆ

ಜರ್ಮನಿಗೆ ನರ್ಸ್ ಆಗಿ ಬಂದು ಕೆಲವೇ ತಿಂಗಳಾದ ತಂಗಿಯೊಬ್ಬಳು ಪತ್ರ ಬರೆದು ಮುಖ್ಯವಾಗಿ ಮೂರು ವಿಷಯ ಕೇಳಿದ್ದಾಳೆ. ಮೊದಲಿದ್ದ ಆಸ್ಪತ್ರೆಯಲ್ಲಿ ಅವಳು ವಾರ್ಡ್ ಇನ್‌ಚಾರ್ಜ್. ಇಲ್ಲಿ ದಿನವೂ ರೋಗಿಗಳ ಮೈ ತೊಳೆಸಬೇಕು, ಬೆಡ್‌ಪ್ಯಾನ್ ತೆಗೆಯಬೇಕು. ದೇವರು ನನ್ನನ್ನು ಇದಕ್ಕಾ ಕರೆತಂದಿದ್ದು ಅನ್ನುವುದು ಮೊದಲ ಪ್ರಶ್ನೆ. ಭಾನುವಾರ ಡ್ಯೂಟಿ ಬಿದ್ದು ಆರಾಧನೆ ತಪ್ಪಿದರೆ ಪಾಪ ಅಲ್ವಾ ಅನ್ನುವುದು ಎರಡನೆಯದು. ಇಲ್ಲಿಯವರು ಶಿಫ್ಟ್ ಮುಗಿದ ತಕ್ಷಣ ಹೊರಟುಬಿಡುತ್ತಾರೆ, ಕೆಲಸವನ್ನು ಸೇವೆ ಅಂದುಕೊಂಡ ನಾನೂ ಹಾಗೇ ಹೋಗಬಹುದಾ ಅನ್ನುವುದು ಮೂರನೆಯದು. ಇದೇ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿ ಇರುತ್ತದೆ. ಅದಕ್ಕೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ತಂಗಿ, ನೀನು ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಮಾತಾಡುತ್ತೇನೆ. ನಾನೂ ಇಲ್ಲಿ ಇದೇ ಕೆಲಸದಲ್ಲಿ ತುಂಬ ವರ್ಷ ಕಳೆದವಳು.

ಮೈ ತೊಳೆಸುವುದರಿಂದ ಶುರು ಮಾಡೋಣ. ನಿನ್ನ ಡಿಗ್ರಿಗೆ ಇಲ್ಲಿ ಮಾನ್ಯತೆ ಸಿಗುವವರೆಗೆ ನಿನ್ನನ್ನು ಸಹಾಯಕಿ ಅಂತಲೇ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಈಗ ಈ ಕೆಲಸ ಜಾಸ್ತಿ ಬೀಳುತ್ತದೆ. ಆದರೆ ಮಾನ್ಯತೆ ಸಿಕ್ಕ ಮೇಲೂ ಇದು ತಪ್ಪುವುದಿಲ್ಲ. ಇದನ್ನು ಈಗಲೇ ತಿಳಿದುಕೊಂಡಿರು. ಇಲ್ಲಿ ಪೂರ್ತಿ ತರಬೇತಿ ಆದ ನರ್ಸ್ ಕೂಡ ರೋಗಿಯನ್ನು ತೊಳೆಸುತ್ತಾಳೆ, ಯಾರೂ ಅದನ್ನು ಕೀಳಾಗಿ ನೋಡುವುದಿಲ್ಲ. ಅದಕ್ಕೆ ಕಾರಣವೂ ಇದೆ. ಹಿಮ್ಮಡಿಯಲ್ಲಿ, ಸೊಂಟದ ಕೆಳಗಿನ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯಾ, ಒತ್ತಿದರೆ ಆ ಕೆಂಪು ಹೋಗುತ್ತದಾ? ಕಾಲು ಊದಿದೆಯಾ? ಮಗ್ಗುಲು ತಿರುಗಿಸಿದಾಗ ಉಸಿರು ಕಟ್ಟುತ್ತದಾ? ನಿನ್ನೆ ಎತ್ತಿದ್ದ ಕೈಯನ್ನು ಇವತ್ತು ಎತ್ತಲಾಗುತ್ತಿಲ್ಲವಾ? ಇವೆಲ್ಲ ಕಣ್ಣಿಗೆ ಬೀಳುವುದು ಆ ಹೊತ್ತಿನಲ್ಲೇ. ಹಾಸಿಗೆ ಹುಣ್ಣನ್ನು ಶುರುವಿನಲ್ಲೇ ಹಿಡಿಯುವವಳು ಡಾಕ್ಟರ್ ಅಲ್ಲ, ನೀನು.

ಇನ್ನು ನಂಬಿಕೆಯ ಮಾತು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬೈಬಲಿನ ಯೋಹಾನ 13ನೇ ಅಧ್ಯಾಯವನ್ನು ಶಿಷ್ಯ ಪೇತ್ರನ ಕಡೆಯಿಂದ ಒಮ್ಮೆ ಓದು. ಅವನು ಬೇಡವೇ ಬೇಡ ಅನ್ನುತ್ತಾನೆ. ಇನ್ನೊಬ್ಬರ ಕೈಯಲ್ಲಿ ತೊಳೆಸಿಕೊಳ್ಳುವುದು ಅವನಿಗೆ ಕಷ್ಟ. ನಿನ್ನ ವಾರ್ಡಿನಲ್ಲಿರುವ ವಯಸ್ಸಾದವರಿಗೂ ಹಾಗೇ. ಜೀವನವಿಡೀ ತಮ್ಮ ಕೆಲಸ ತಾವೇ ಮಾಡಿಕೊಂಡವರು ಗುರುತಿಲ್ಲದವಳ ಮುಂದೆ ಬಟ್ಟೆ ಕಳಚಬೇಕು. ಕೆಲವರು ಸಿಡುಕುವುದು ಆ ನಾಚಿಕೆಯಿಂದಲೇ, ನಿನ್ನ ಮೇಲಿನ ದ್ವೇಷದಿಂದ ಅಲ್ಲ. ಬಾಗಿಲು ಹಾಕು, ಪರದೆ ಎಳೆ, ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಮಾತ್ರ ತೆರೆ. ಮುಖ ಒರೆಸಿಕೊಳ್ಳಲು ಆಗುವವರಿಗೆ ಬಟ್ಟೆ ಅವರ ಕೈಗೇ ಕೊಡು. ಇದನ್ನು ಪ್ರಾರ್ಥನೆಗಿಂತ ಕಡಿಮೆ ಅಂತ ನಾನು ಎಣಿಸುವುದಿಲ್ಲ.

ಈ ದೇಶದಲ್ಲಿ ನಮ್ಮ ಕೆಲಸಕ್ಕೂ ಕ್ರೈಸ್ತ ಸಭೆಗೂ, ಅಂದರೆ ಚರ್ಚಿಗೂ, ಹಳೆಯ ನಂಟಿದೆ. 1836ರಲ್ಲಿ ಥಿಯೊಡೋರ್ ಫ್ಲೀಡ್ನರ್ ಅನ್ನುವ ಪಾದ್ರಿ, ಹೆಂಡತಿ ಫ್ರೀಡರಿಕೆ ಜೊತೆ, ರೈನ್ ನದಿ ದಡದ ಕೈಸರ್‌ಸ್ವೆರ್ಟ್‌ನಲ್ಲಿ ಹೆಣ್ಣುಮಕ್ಕಳಿಗೆ ರೋಗಿಗಳ ಆರೈಕೆ ಕಲಿಸಲು ಶುರು ಮಾಡಿದರು. ಅಲ್ಲಿ ಕಲಿತವರನ್ನು ಡಯಕೋನಿಸ್ ಅನ್ನುತ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಕೂಡ 1851ರಲ್ಲಿ ಅಲ್ಲಿಗೇ ಬಂದು ಕಲಿತಳು. ಈ ಹೆಂಗಸರಿಂದ ರೋಗಿಯ ಆರೈಕೆಗೆ ಮರ್ಯಾದೆ ಬಂತು. ಆದರೆ ಅವರು ಮದುವೆಯಾಗುವಂತಿರಲಿಲ್ಲ. ಅವರಿಗೆ ಸಂಬಳ ಇರಲಿಲ್ಲ. ಊಟ, ಬಟ್ಟೆ, ಮನೆ, ಸ್ವಲ್ಪ ಕೈಖರ್ಚು, ವಯಸ್ಸಾದ ಮೇಲೆ ಆಸರೆ, ಅಷ್ಟೇ. ಅವರ ಬಗ್ಗೆ ನನಗೆ ತುಂಬ ಗೌರವ. ಆದರೂ ದೇವರ ಕರೆ ಅಂದ ಕೂಡಲೇ ಕೂಲಿ ಕೇಳಬಾರದು, ದಣಿವು ಹೇಳಬಾರದು ಅನ್ನುವ ಭಾವನೆ ನಮ್ಮ ಕೆಲಸಕ್ಕೆ ಅಂಟಿಕೊಂಡಿದ್ದರಲ್ಲಿ ಆ ಪದ್ಧತಿಯ ಪಾಲೂ ಇದೆ.

ನಿನ್ನ ಮೂರನೇ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಮಾಡುವುದನ್ನು ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರ ಮನಸ್ಸಿಟ್ಟು ಮಾಡಿ ಅನ್ನುವ ಕೊಲೊಸ್ಸೆ 3:23 ನಮಗೆಲ್ಲ ಬಾಯಿಪಾಠ. ಪೌಲ ಅದನ್ನು ಹೇಳಿದ್ದು ದಾಸರಿಗೆ. ಕೆಲವೇ ಸಾಲು ಮುಂದೆ, 4:1ರಲ್ಲಿ, ಯಜಮಾನರ ಕಡೆ ತಿರುಗಿ, ದಾಸರಿಗೆ ನ್ಯಾಯವಾಗಿ ಕೊಡಬೇಕಾದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಯಜಮಾನ ಇದ್ದಾನೆ ಅನ್ನುತ್ತಾನೆ. ಮೊದಲನೆಯದನ್ನು ಓದಿ ಎರಡನೆಯದನ್ನು ಬಿಟ್ಟುಬಿಡುವವರು ಬಹಳ. ಧರ್ಮೋಪದೇಶಕಾಂಡ 24:15 ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡು ಅನ್ನುತ್ತದೆ. ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆ ಅಂತ ಯಾಕೋಬ ಬರೆಯುತ್ತಾನೆ. ಮನಸ್ಸಿಟ್ಟು ದುಡಿ ಅಂದ ನಂಬಿಕೆಯೇ, ದುಡಿದವರನ್ನು ಹಿಂಡಬೇಡ ಅಂತಲೂ ಹೇಳಿದೆ. ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಆದ್ದರಿಂದ ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಸರಿಯಾಗಿ ಕೊಟ್ಟು, ಬರೆಯಬೇಕಾದ್ದನ್ನು ಬರೆದು, ಸಮಯಕ್ಕೆ ಮನೆಗೆ ಹೋಗು. ಜೊತೆಯವರು ಹೊರಡುವುದನ್ನು ಸೋಮಾರಿತನ ಅಂದುಕೊಳ್ಳಬೇಡ. ಶಿಫ್ಟಿನಲ್ಲಿ ಅವರು ಎಷ್ಟು ಗಮನ ಕೊಟ್ಟು ದುಡಿಯುತ್ತಾರೆ ನೋಡು. ಅವರಲ್ಲಿ ಹೆಚ್ಚಿನವರು ಚರ್ಚಿಗೆ ಹೋಗುವುದಿಲ್ಲ. ಈ ದೇಶದ ಎರಡು ದೊಡ್ಡ ಸಭೆಗಳಾದ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಸರಿರುವವರು ಈಗ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ನಂಬಿಕೆ ಇಲ್ಲದವರು ನಿಷ್ಠೆಯಿಂದ ದುಡಿಯುವುದನ್ನು ನೋಡಿ ನಾನು ಕಲಿತದ್ದು ಬಹಳ.

ಕಾನೂನೂ ನಿನ್ನ ಕಡೆ ಇದೆ. 6 ಗಂಟೆಗಿಂತ ಹೆಚ್ಚು ಕೆಲಸ ಇದ್ದರೆ ಅರ್ಧ ಗಂಟೆ ಬಿಡುವು ಕೊಡಲೇಬೇಕು. ಒಂದು ಶಿಫ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ 11 ಗಂಟೆ ವಿಶ್ರಾಂತಿ. ಆಸ್ಪತ್ರೆಗಳಲ್ಲಿ ಅದನ್ನು ಒಂದು ಗಂಟೆ ಇಳಿಸಬಹುದು, ಆದರೆ ಇನ್ನೊಂದು ದಿನ ತುಂಬಿಕೊಡಬೇಕು. ಬಿಡುವು ಬಿಟ್ಟುಕೊಟ್ಟು ಸೇವೆ ಮಾಡುತ್ತೇನೆ ಅಂತ ಹೊರಡಬೇಡ. ದಣಿದ ನರ್ಸ್ ಔಷಧಿಯ ಪ್ರಮಾಣ ತಪ್ಪುತ್ತಾಳೆ, ಅದರ ಪೆಟ್ಟು ಬೀಳುವುದು ರೋಗಿಗೆ.

ಭಾನುವಾರದ ವಿಷಯ. ಇಲ್ಲಿ ಅಂಗಡಿ ಮುಚ್ಚಿರುವುದನ್ನು ನೋಡಿರುತ್ತೀಯ. ಭಾನುವಾರದ ವಿಶ್ರಾಂತಿಗೆ ಸಂವಿಧಾನದಲ್ಲೇ ರಕ್ಷಣೆ ಇದೆ. 1919ರ ವೈಮಾರ್ ಸಂವಿಧಾನದ ಆ ಸಾಲನ್ನು ಈಗಿನ ಸಂವಿಧಾನ ಹಾಗೇ ಉಳಿಸಿಕೊಂಡಿದೆ. ಬರ್ಲಿನ್‌ನಲ್ಲಿ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬಿಟ್ಟಾಗ ಸಭೆಗಳು ಕೋರ್ಟಿಗೆ ಹೋದವು. 2009ರಲ್ಲಿ ಸಂವಿಧಾನ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಇದರ ಮೂಲ ಇನ್ನೂ ಹಿಂದಿನದು. ವಿಮೋಚನಕಾಂಡ 20ರಲ್ಲಿ ವಿಶ್ರಾಂತಿ ದಿನದ ಆಜ್ಞೆ ಇದೆಯಲ್ಲ, ಅದರಲ್ಲಿ ಯಾರ್ಯಾರ ಹೆಸರಿದೆ ನೋಡು. ಮಗ, ಮಗಳು, ಆಳು, ದನ, ಕೊನೆಗೆ ಊರಿನಲ್ಲಿರುವ ಪರದೇಶಿ. ಆ ಪರದೇಶಿ ಇವತ್ತು ನೀನು, ನಾನು. ನಮಗೂ ವಿಶ್ರಾಂತಿ ಇರಬೇಕು ಅಂತ ದೇವರೇ ಹೆಸರು ಹಿಡಿದು ಹೇಳಿದ್ದಾನೆ ಅಂದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ರೋಗಕ್ಕೆ ಭಾನುವಾರ ಇಲ್ಲವಲ್ಲ. ಹಾಗಾಗಿ ಆಸ್ಪತ್ರೆಗೆ ಕಾನೂನು ವಿನಾಯಿತಿ ಕೊಟ್ಟಿದೆ. ಯೇಸು ಸಬ್ಬತ್ ಅನ್ನುವ ಆ ವಿಶ್ರಾಂತಿ ದಿನವೇ ಎಷ್ಟೋ ಜನರನ್ನು ಗುಣಪಡಿಸಿದ, ಬಾವಿಗೆ ಬಿದ್ದ ಎತ್ತನ್ನು ಅಂದು ಎತ್ತದೆ ಬಿಡುತ್ತೀರಾ ಅಂತ ಕೇಳಿದ. ಆದ್ದರಿಂದ ಭಾನುವಾರ ವಾರ್ಡಿನಲ್ಲಿದ್ದೆ ಅಂತ ಪಾಪದ ಭಾರ ಹೊರಬೇಡ. ಆದರೆ ಅದಕ್ಕೆ ಬದಲಾಗಿ ಎರಡು ವಾರದೊಳಗೆ ಒಂದು ದಿನ ಬಿಡುವು ಸಿಗಬೇಕು, ಅದನ್ನು ಬಿಡಬೇಡ. ಸಾಮಾನ್ಯ ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ 15 ಭಾನುವಾರ ನಿನ್ನದಾಗಿರಬೇಕು. ಆಸ್ಪತ್ರೆಯವರು ಒಪ್ಪಂದ ಮಾಡಿಕೊಂಡು ಈ ಲೆಕ್ಕ ಇಳಿಸಿರಬಹುದು, ನಿನ್ನ ಒಪ್ಪಂದ ಓದಿ ನೋಡು.

ರೋಗಿಗಳಿಗೆ ಸುವಾರ್ತೆ ಹೇಳಬಹುದಾ ಅಂತಲೂ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ನೀನಾಗಿ ಶುರು ಮಾಡಬೇಡ. ಹಾಸಿಗೆಯಲ್ಲಿರುವವರು ಎದ್ದು ಹೋಗಲಾರರು, ಅವರ ಮೇಲೆ ಮಾತು ಹೇರಬಾರದು. ಅವರಾಗಿ ಕೇಳಿದರೆ ಪ್ರಾಮಾಣಿಕವಾಗಿ ಉತ್ತರಿಸು. ಪ್ರಾರ್ಥನೆ ಬೇಕು ಅಂದರೆ ಆಸ್ಪತ್ರೆಯ ಪಾದ್ರಿಗೆ ಹೇಳಿ ಕಳಿಸು. ಬಹಳಷ್ಟು ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಜನ ಇರುತ್ತಾರೆ.

ಇನ್ನೊಂದು ಮಾತು, ನೀನು ಕೇಳದಿದ್ದರೂ. ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಮ್ಮಿನಲ್ಲಿ ಕ್ಯಾಥೊಲಿಕ್ ಅಥವಾ ಇವಾಂಗೆಲಿಷ್ (ಪ್ರೊಟೆಸ್ಟಂಟ್) ಅಂತ ಬರೆದಿದ್ದರೆ ಸಂಬಳದಿಂದ ಸಭಾ ತೆರಿಗೆ ಕಡಿತವಾಗುತ್ತದೆ. ಅದು ಸಂಬಳದ ಮೇಲಲ್ಲ, ಆದಾಯ ತೆರಿಗೆಯ ಮೊತ್ತದ ಮೇಲೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ 8 ಪರ್ಸೆಂಟ್, ಬೇರೆ ಕಡೆ 9. ಪೇ ಸ್ಲಿಪ್‌ನಲ್ಲಿ ನೋಡಿ ಗಾಬರಿಯಾಗಬೇಡ.

ಮುಂದಿನ ತಿಂಗಳ ರೋಸ್ಟರ್ ಹಾಕುವ ಮುಂಚೆ ನಿನಗೆ ಬೇಕಾದ ಭಾನುವಾರಗಳನ್ನು ವಾರ್ಡ್ ಮುಖ್ಯಸ್ಥೆಗೆ ಬರೆದು ಕೊಡು. ಆರಾಧನೆಗೆ ಅಂತಲೇ ಬರೆ, ಸಂಕೋಚ ಬೇಡ. ಎಲ್ಲವನ್ನೂ ಕೇಳಬೇಡ, ಬೇರೆಯವರಿಗೂ ಮನೆ ಮಕ್ಕಳು ಇದ್ದಾರೆ. ಕ್ರಿಸ್ಮಸ್‌ಗೆ ರಜೆ ಬೇಕಿದ್ದರೆ ಹೊಸ ವರ್ಷದ ಡ್ಯೂಟಿ ನಾನು ಮಾಡುತ್ತೇನೆ ಅಂತ ಈಗಲೇ ಹೇಳಿಡು.