ಓದುಗರ ಪ್ರಶ್ನೆ: ಪದೇ ಪದೇ ಶಾಲೆ ತಪ್ಪುವ ಮಕ್ಕಳು

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನ ಹಳ್ಳಿಯಲ್ಲಿ ಏಳನೇ ತರಗತಿಗೆ ಪಾಠ ಮಾಡುತ್ತೇನೆ. 30 ಮಕ್ಕಳು, ಸರಾಸರಿ ಹಾಜರಿ ಶೇ 90. ಆದರೂ ಕೆಲವರು ತೀರಾ ಹಿಂದುಳಿದಿದ್ದಾರೆ. ಪಾಲಕರಿಗೆ ಕಾಳಜಿಯಿಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಏನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ಸರಾಸರಿಯನ್ನು ನಂಬಬೇಡಿ. ತಿಂಗಳಲ್ಲಿ 22 ದಿನ ಶಾಲೆ ನಡೆದರೆ 30 ಮಕ್ಕಳಿಗೆ 660 ಹಾಜರಿ. ಆರು ಮಕ್ಕಳು ತಲಾ 11 ದಿನ ತಪ್ಪಿಸಿ, ಉಳಿದವರು ದಿನವೂ ಬಂದರೆ ಲೆಕ್ಕ ಸರಿಯಾಗಿ ಶೇ 90! ಆ ಆರು ಮಕ್ಕಳಿಗೆ ಮಾತ್ರ ಅರ್ಧ ಪಾಠವೇ ಇಲ್ಲ. ಒಂದೊಂದು ಮಗುವಿನ ಲೆಕ್ಕ ಬೇರೆಬೇರೆ ಬರೆಯಿರಿ. ಅಮೆರಿಕದಲ್ಲಿ ಶಾಲಾ ದಿನಗಳ ಶೇ 10 ತಪ್ಪಿದರೆ, ರಜಾ ಚೀಟಿ ಕೊಟ್ಟಿದ್ದರೂ, ಅದನ್ನು ತೀವ್ರ ಗೈರುಹಾಜರಿ ಎಂದೇ ಎಣಿಸುತ್ತಾರೆ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ. ಅದರ ಶೇ 10 ಎಂದರೆ 22 ದಿನ. ತಿಂಗಳಿಗೆ ಎರಡು-ಮೂರು ದಿನ ತಪ್ಪಿದರೂ ವರ್ಷದಲ್ಲಿ ಅಷ್ಟು ಮುಟ್ಟುತ್ತದೆ.

ಬಳಿಕ ಯಾವ ದಿನ ತಪ್ಪಿದೆ ನೋಡಿ. ಸೋಮವಾರ, ಗುರುವಾರ ಆದರೆ ಬ್ಯಾಡಗಿ ಪೇಟೆಯ ದಿನ. ಹಿರಿಯರು ಪೇಟೆಗೆ ಹೋದಾಗ ದನ, ಕೂಸು ಎರಡನ್ನೂ ನೋಡಿಕೊಳ್ಳುವ ಹೊಣೆ ಮಗುವಿನ ಮೇಲೆ ಬಿದ್ದಿರಬಹುದು. ಜನವರಿ-ಫೆಬ್ರುವರಿಯ ಸಾಲು ಗೈರು ಮೆಣಸಿನಕಾಯಿ ಬಿಡಿಸುವ ಕೆಲಸದ್ದಿರಬಹುದು. ಹುಡುಗಿಯರಷ್ಟೇ ತಿಂಗಳಿಗೆ ಮೂರು ದಿನ ತಪ್ಪಿದರೆ ಶೌಚಾಲಯದ ನೀರು, ಚಿಲಕ ಪರೀಕ್ಷಿಸಿ. ಬೀಜೋತ್ಪಾದನೆಯ ಹೊಲದಲ್ಲಿ ಹೂವಿನ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡುವ) ಕೂಲಿಗೆ ಹೋಗುತ್ತಿದ್ದರೆ ಪಾಲಕರಷ್ಟೇ ಅಲ್ಲ, ಹೊಲದ ಮಾಲೀಕರೂ ಹೊಣೆ: 14ರೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿ.

ಮನೆಭೇಟಿಗೆ ಸಂಜೆ ಏಳರ ಮೇಲೆ ಹೋಗಿ. ಹಗಲಲ್ಲಿ ಬೀಗವೇ ಕಾಣುತ್ತದೆ. 'ಯಾಕ ಕಳಸಿಲ್ಲ?' ಅಂದರೆ ಅವ್ವ ಸುಮ್ಮನಾಗುತ್ತಾಳೆ. 'ನೀವು ಹೊಲಕ್ಕ ಹೋದಾಗ ಕೂಸನ್ನ ಯಾರು ನೋಡ್ಕೋತಾರ್ರಿ?' ಎಂದು ಕೇಳಿ.

ಗುಳೆ ಹೋಗುವ ಕುಟುಂಬಗಳ ಪಟ್ಟಿ ದಸರಾಕ್ಕೆ ಮೊದಲೇ ಮಾಡಿ. ಮಗುವಿನ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ, ಓದಿದ ಪಾಠಗಳ ಚೀಟಿ ಪಾಲಕರ ಕೈಗೆ ಕೊಡಿ. ಟಿಸಿ ತಡವಾಯಿತೆಂದು ಹೋದೂರಿನ ಶಾಲೆ ಪ್ರವೇಶ ತಡೆಯುವಂತಿಲ್ಲ, ಅದನ್ನೂ ತಿಳಿಸಿ. ಅಮೆರಿಕದಲ್ಲಿ ಬೆಳೆಯ ಹಿಂದೆ ಊರೂರು ತಿರುಗುವ ಕೃಷಿ ಕಾರ್ಮಿಕರ ಮಕ್ಕಳಿಗೆಂದು, ಅವರಲ್ಲಿ ಮೆಕ್ಸಿಕೊ ಮೂಲದವರು ಬಹಳ, 1966ರಿಂದ ಕೇಂದ್ರ ಯೋಜನೆಯೇ ಇದೆ. ಶಾಲಾ ದಾಖಲೆ ಮಗುವಿನ ಬೆನ್ನಹಿಂದೆ ಹೋಗುತ್ತದೆ. ನಮ್ಮಲ್ಲಿ ಆ ಕೆಲಸ ಸದ್ಯಕ್ಕೆ ನಿಮ್ಮ ಫೋನಿನಿಂದಲೇ ಆಗಬೇಕು.

ತಿರುಗಿ ಬಂದ ಮಗುವನ್ನು ಎಲ್ಲರೆದುರು ಗದರಿದರೆ ಮರುದಿನ ಮತ್ತೆ ಬರುವುದಿಲ್ಲ. ಭಿನ್ನರಾಶಿಯ ಪಾಠ ತಪ್ಪಿದ್ದರೆ ಶೇಕಡಾ ಲೆಕ್ಕ ತಲೆಗೆ ಹತ್ತದು. ಪ್ರಾರ್ಥನೆಗೆ ಮೊದಲಿನ ಹದಿನೈದು ನಿಮಿಷ ಅದೊಂದನ್ನೇ ಹೇಳಿಕೊಡಿ.