ಅರ್ಧ ಮುದ್ದೆಗೇ ಹೊಟ್ಟೆ ತುಂಬಿದರೆ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಐದಾರು ತಿಂಗಳಿಂದ ಅರ್ಧ ಮುದ್ದೆ ಉಂಡು ಹೊಟ್ಟೆ ತುಂಬಿತು ಅಂತ ಎದ್ದುಬಿಡುತ್ತಾರೆ. ಎಡ ಪಕ್ಕೆಲುಬಿನ ಕೆಳಗೆ ಭಾರ. ಗ್ಯಾಸ್ ಮಾತ್ರೆ, ಕಬ್ಬಿಣದ ಮಾತ್ರೆ ಎಲ್ಲ ಆಯಿತು, ಹಿಮೋಗ್ಲೋಬಿನ್ 9 ದಾಟುತ್ತಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗುಲ್ಮ (ಸ್ಪ್ಲೀನ್) 18 ಸೆಂ.ಮೀ. ಅಂತ ಬಂದಿದೆ. ಲಿಂಫೋಮಾ ಇರಬಹುದು ಅನ್ನುತ್ತಾರೆ. ಕುತ್ತಿಗೆಯಲ್ಲಿ ಗಂಟಿಲ್ಲ, ಜ್ವರವಿಲ್ಲ. ಆದರೂ ಇರುತ್ತದೆಯೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಇರಬಹುದು. ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಅದು ಹೆಚ್ಚಾಗಿ ಗಂಟಾಗಿ ಕಾಣುತ್ತದೆ ನಿಜ, ಆದರೆ ಗಂಟಿಲ್ಲ ಅಂತ ಸುಮ್ನೆ ಕೂರುವಂತಿಲ್ಲ. ಸ್ಪ್ಲೀನಿಕ್ ಮಾರ್ಜಿನಲ್ ಜೋನ್ ಲಿಂಫೋಮಾ ಅನ್ನುವ ಅಪರೂಪದ ಕಾಯಿಲೆ ಹೀಗೇ ಬರುತ್ತದೆ. ಅರವತ್ತು ದಾಟಿದವರಲ್ಲಿ ಜಾಸ್ತಿ. ಗುಲ್ಮ, ಮೂಳೆಮಜ್ಜೆ, ರಕ್ತದಲ್ಲಿ ಸೇರಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಕುತ್ತಿಗೆ, ಕಂಕುಳಲ್ಲಿ ಗಂಟು ಕಾಣುವುದು ಕಡಿಮೆ.

ದೊಡ್ಡವರ ಗುಲ್ಮ ಸಾಮಾನ್ಯವಾಗಿ 12 ಸೆಂ.ಮೀ. ಒಳಗಿರುತ್ತದೆ. ಊದಿದರೆ ಪಕ್ಕದ ಜಠರವನ್ನು ಒತ್ತುತ್ತದೆ. ಅರ್ಧ ಮುದ್ದೆಗೇ ಹೊಟ್ಟೆ ತುಂಬುವುದು ಅದಕ್ಕೇ. ಊದಿದ ಗುಲ್ಮ ರಕ್ತಕಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಿರುವಾಗ ಬರೀ ಕಬ್ಬಿಣ ನುಂಗಿದರೆ ಹಿಮೋಗ್ಲೋಬಿನ್ ಏರುವುದಿಲ್ಲ ಅಲ್ವಾ? ಪ್ಲೇಟ್‌ಲೆಟ್ ಇಳಿದಿದೆಯಾ, ಅದನ್ನೂ ನೋಡಿ.

ನಾನು ಹೊಟ್ಟೆ ಮುಟ್ಟಿ ನೋಡುವಾಗ ಬಲಗಡೆಯ ಕಿಬ್ಬೊಟ್ಟೆಯಿಂದ ಶುರು ಮಾಡುತ್ತೇನೆ. ‘ಉಸಿರು ಎಳ್ಕೊಳ್ಳಿ’ ಅನ್ನುತ್ತಾ ಕೈಯನ್ನು ಓರೆಯಾಗಿ ಎಡ ಪಕ್ಕೆಲುಬಿನ ಕಡೆ ಸರಿಸುತ್ತೇನೆ. ಗುಲ್ಮ ಊದಿದ್ದರೆ ಅದರ ಅಂಚು ಉಸಿರಿನ ಜೊತೆ ಇಳಿದು ಬೆರಳಿಗೆ ತಾಗುತ್ತದೆ. ಎರಡು ನಿಮಿಷವೂ ಬೇಡ. ಗ್ಯಾಸ್ ಮಾತ್ರೆ ಬರೆಯುವ ಮೊದಲೇ ಯಾರಾದರೂ ಹೀಗೆ ಮುಟ್ಟಿ ನೋಡಬೇಕಿತ್ತು ಅಂತ ನನಗೆ ಸಂಕಟ.

ಹಾಗಂತ ಗುಲ್ಮ ಊದಿದ್ದೆಲ್ಲ ಲಿಂಫೋಮಾ ಅಲ್ಲ. ನಮ್ಮಲ್ಲಿ ಮಲೇರಿಯಾ, ಟೈಫಾಯ್ಡ್, ಲಿವರ್ ಕಾಯಿಲೆಯಿಂದಲೂ ಊದುತ್ತದೆ. ಹಳಬರು ‘ಜ್ವರಗಡ್ಡೆ’ ಅನ್ನುತ್ತಿದ್ದರಲ್ಲ, ಅದೇ. ರಕ್ತರೋಗ ತಜ್ಞರನ್ನು ಕಾಣಿ. ರಕ್ತದ ಸ್ಮಿಯರ್‌ನಲ್ಲಿ, ಅಂದರೆ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಹನಿಯಲ್ಲಿ, ತುದಿಗೆ ನವಿರು ಕೂದಲು ಅಂಟಿದಂಥ ಲಿಂಫೋಸೈಟ್‌ಗಳು ಕಂಡರೆ ಅನುಮಾನ ಬಲವಾಗುತ್ತದೆ. ಆಮೇಲೆ ಫ್ಲೋ ಸೈಟೋಮೆಟ್ರಿ (ರಕ್ತಕಣಗಳು ಯಾವ ಬಗೆಯವು ಅಂತ ಗುರುತಿಸುವ ಪರೀಕ್ಷೆ), ಮೂಳೆಮಜ್ಜೆ ಪರೀಕ್ಷೆ. ಲಿವರಿಗೆ ತಗಲುವ ಹೆಪಟೈಟಿಸ್ ಸಿ ವೈರಸ್‌ನ ಪರೀಕ್ಷೆಯನ್ನು ಮಾತ್ರ ಮರೆಯಬೇಡಿ. ಆ ವೈರಸ್ ಇದ್ದು, ಅದಕ್ಕೆ ಔಷಧಿ ಕೊಟ್ಟರೆ ಕೆಲವರಲ್ಲಿ ಲಿಂಫೋಮಾವೂ ಕರಗುತ್ತದೆ. ಆ ವೈರಸ್ ಇಲ್ಲದಿದ್ದರೆ ರಿಟಕ್ಸಿಮ್ಯಾಬ್ ಇದೆ. ಚೆನ್ನಾಗಿ ಕೆಲಸ ಮಾಡುವ ಔಷಧಿ.

ತೂಕ ಇಳಿಯುವುದು, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರುವುದು ಕಂಡರೆ ಡಾಕ್ಟರಿಗೆ ಹೇಳಿ. ಹೊಟ್ಟೆ ತಿಕ್ಕಿಸಲು ಯಾರ ಹತ್ತಿರವೂ ಕರೆದೊಯ್ಯಬೇಡಿ. ಊದಿದ ಗುಲ್ಮ ಪೆಟ್ಟು ಬಿದ್ದರೆ ಒಡೆಯಬಹುದು. ಎಡಗಡೆ ಇದ್ದಕ್ಕಿದ್ದಂತೆ ಜೋರು ನೋವು ಬಂದು, ಎಡ ಭುಜಕ್ಕೂ ಹರಡಿ, ತಲೆ ಸುತ್ತಿದರೆ ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.